ಹಳದಿಗಟ್ಟಿದ ನಕ್ಷೆಯೆಲ್ಲ ನಾನೂರು ವರ್ಷ ಹಳೆಯದೇ?

ಹಳದಿ ಕಾಗದ, ಮಾಸಿದ ಅಂಚು, ನಡುವೆ ಯಾವುದೋ ಬಂದರು ಊರಿನ ಚಿತ್ರ. ಜೊತೆಗೆ, ಇದು ನಾಲ್ಕು ಶತಮಾನ ಹಳೆಯ ನಕ್ಷೆ, ಬೆಲೆ ಲಕ್ಷಗಟ್ಟಲೆ ಎಂಬ ಬರಹ. ಇಂಥ ಫಾರ್ವರ್ಡ್ ನಿಮ್ಮ ಮೊಬೈಲಿಗೂ ಬಂದಿರಬಹುದು. ಹಳೆಯ ನಗರಗಳ ಅಚ್ಚಿನ ನಕ್ಷೆಗಳನ್ನು ಸಂಗ್ರಹಿಸುವವರು ಇದ್ದಾರೆ, ಕೆಲವು ನಕ್ಷೆಗಳಿಗೆ ದೊಡ್ಡ ಬೆಲೆಯೂ ಇದೆ, ನಿಜ. ಆದರೆ ಹಳದಿ ಬಣ್ಣ ವಯಸ್ಸಿಗೆ ಸಾಕ್ಷಿಯಲ್ಲ.

ಒಂದು ಪ್ರಸಿದ್ಧ ಉದಾಹರಣೆ ನೋಡೋಣ. ಜರ್ಮನಿಯ ಕೊಲೋನ್ ನಗರದಲ್ಲಿ ಗೆಯೋರ್ಗ್ ಬ್ರೌನ್ ಮತ್ತು ಫ್ರಾನ್ಸ್ ಹೋಗೆನ್‌ಬರ್ಗ್ 1572ರಲ್ಲಿ 'ಸಿವಿಟಾಟೆಸ್ ಆರ್ಬಿಸ್ ಟೆರಾರಮ್' ಎಂಬ ನಗರಗಳ ನಕ್ಷೆ ಪುಸ್ತಕ ಶುರು ಮಾಡಿದರು. 1617ರ ಹೊತ್ತಿಗೆ ಆರು ಸಂಪುಟ ಬಂದವು. ಮೊದಲ ಸಂಪುಟದಲ್ಲೇ ನಮ್ಮ ಪಕ್ಕದ ಗೋವಾ ಇದೆ. ಕಲ್ಲಿಕೋಟೆ, ಕಣ್ಣೂರು ಒಂದೇ ಹಾಳೆಯಲ್ಲಿವೆ. ನಕಲುಗಳು ಹೆಚ್ಚು ಓಡಾಡುವುದೂ ಇಂಥ ಹೆಸರಾಂತ ಹಾಳೆಗಳದ್ದೇ.

ಅಸಲಿ ಹಾಳೆ ತಯಾರಾದ ಬಗೆ ಗೊತ್ತಿದ್ದರೆ ಅರ್ಧ ಪರೀಕ್ಷೆ ಮುಗಿದಂತೆ. ತಾಮ್ರದ ತಗಡಿನ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆಯುತ್ತಿದ್ದರು. ಗೆರೆಗಳೊಳಗೆ ಶಾಯಿ ತುಂಬಿ, ಮೇಲ್ಮೈ ಒರೆಸಿ, ಒದ್ದೆ ಕಾಗದ ಇಟ್ಟು ಭಾರಿ ಒತ್ತಡದಲ್ಲಿ ಅಚ್ಚೊತ್ತುತ್ತಿದ್ದರು. ಹಾಗಾಗಿ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಉಳಿಯುತ್ತದೆ, ಶಾಯಿಯ ಗೆರೆ ತುಸು ಉಬ್ಬಿರುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಗೆರೆಯ ಬದಲು ಬಣ್ಣದ ಚುಕ್ಕಿಗಳ ಸಾಲು ಕಂಡರೆ ಅದು ಆಧುನಿಕ ಮುದ್ರಣ. ಒಂದು ಎಚ್ಚರ: ತಗಡಿನ ತಗ್ಗನ್ನು ನಕಲಿ ಮಾಡಬಹುದು, ಅಸಲಿ ಹಾಳೆಯ ಅಂಚು ಕತ್ತರಿಸಿದ್ದರೆ ಆ ತಗ್ಗು ಇಲ್ಲದೆಯೂ ಇರಬಹುದು.

ಇನ್ನು ಕಾಗದ. ಆ ಕಾಲದ ಕಾಗದ ಹಳೇ ಬಟ್ಟೆಯ ಚಿಂದಿಯಿಂದ ಮಾಡಿದ್ದು. ಚೆನ್ನಾಗಿ ಕಾಪಾಡಿದ್ದರೆ ಇಂದಿಗೂ ಸಾಕಷ್ಟು ಬೆಳ್ಳಗಿರುತ್ತದೆ. ಬೆಳಕಿಗೆ ಹಿಡಿದರೆ ತಂತಿಜಾಲರಿಯ ಗೆರೆಗಳು ಕಾಣುತ್ತವೆ. ಬೇಗ ಹಳದಿಯಾಗಿ ಪುಡಿಯಾಗುವುದು 19ನೇ ಶತಮಾನದಲ್ಲಿ ಬಳಕೆಗೆ ಬಂದ ಮರದ ತಿರುಳಿನ ಕಾಗದ. ಚಹಾ ನೀರಿನಲ್ಲಿ ಅದ್ದಿದರೆ ನಿನ್ನೆಯ ಕಾಗದವೂ ಹಳದಿಯಾಗುತ್ತದೆ!

ಬಣ್ಣವನ್ನೂ ನಂಬಬೇಡಿ. ನಕ್ಷೆ ಅಚ್ಚಾಗುತ್ತಿದ್ದದ್ದು ಕಪ್ಪು ಶಾಯಿಯಲ್ಲಿ, ಬಣ್ಣ ಹಚ್ಚುತ್ತಿದ್ದದ್ದು ಕೈಯಿಂದ. ಮಾರಾಟಕ್ಕೆಂದು ಇತ್ತೀಚೆಗೆ ಬಣ್ಣ ಬಳಿದ ಅಸಲಿ ಹಾಳೆಗಳೂ ಇವೆ. ತಾಮ್ರ ಬೆರೆತ ಹಳೆಯ ಹಸಿರು ಬಣ್ಣ ಕಾಲಕ್ರಮೇಣ ಕಾಗದವನ್ನು ತಿಂದು ಹಿಂಬದಿಯಲ್ಲಿ ಕಂದು ಕಲೆ ಮೂಡಿಸುತ್ತದೆ. ಅದು ಒಳ್ಳೆಯ ಸುಳಿವು. ಈ ಪುಸ್ತಕದ ಹಾಳೆಗಳ ಬೆನ್ನಿಗೆ ಲ್ಯಾಟಿನ್, ಜರ್ಮನ್ ಅಥವಾ ಫ್ರೆಂಚ್ ಬರಹವೂ ಇರುತ್ತದೆ. ಆದ್ದರಿಂದ ಹಿಂಬದಿಯ ಫೋಟೋ ಕೇಳದೆ ಹಣ ಕೊಡಬೇಡಿ ಎಂಬುದೇ ನಮ್ಮ ಮೊದಲ ಸಲಹೆ.

ಈ ಹಾಳೆಗಳ ಮುಂಭಾಗದಲ್ಲಿ ಸ್ಥಳೀಯ ಉಡುಪಿನ ಜನ ನಿಂತಿರುತ್ತಾರೆ. ತುರ್ಕರು ಮನುಷ್ಯರ ಚಿತ್ರವಿರುವುದನ್ನು ಮುಟ್ಟುವುದಿಲ್ಲ, ಹಾಗಾಗಿ ನಕ್ಷೆಯನ್ನು ಯುದ್ಧಕ್ಕೆ ಬಳಸಲಾರರು ಎಂದು ಬ್ರೌನ್ ತಾನೇ ಬರೆದಿದ್ದ. ಆದರೆ ಅದೇ ಕಾಲದಲ್ಲಿ ತುರ್ಕಿ ಸುಲ್ತಾನರ ಆಸ್ಥಾನದ ಕಲಾವಿದರು ಸುಲ್ತಾನರ ಚಿತ್ರವನ್ನೇ ಬರೆಯುತ್ತಿದ್ದರು. ಫಾರ್ವರ್ಡ್ ಆಗಲೂ ಇತ್ತು ಅನ್ನಿ.

ಹಾಳೆ ಅಸಲಿಯೇ ಆಗಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ: ಅದು ಎಲ್ಲಿಂದ ಬಂತು? 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೆಲದ ಮೇಲೆ ಒಂದು ಬ್ಲೇಡ್ ಸಿಕ್ಕಿತು. ಅದರ ಜಾಡು ಹಿಡಿದಾಗ ಸಿಕ್ಕಿಬಿದ್ದವನು ನಕ್ಷೆ ವ್ಯಾಪಾರಿ ಫೋರ್ಬ್ಸ್ ಸ್ಮೈಲಿ. ಹಲವು ಗ್ರಂಥಾಲಯಗಳಿಂದ 97 ನಕ್ಷೆ ಕದ್ದದ್ದನ್ನು ಆತ ಒಪ್ಪಿಕೊಂಡ. ಅವುಗಳಲ್ಲಿ ಅನೇಕವು ಆಗಲೇ ಸಂಗ್ರಾಹಕರ ಕೈ ಸೇರಿದ್ದವು, ಕೊಂಡವರು ಹಿಂದಿರುಗಿಸಬೇಕಾಯಿತು. ಹಾಗಾಗಿ ಹಿಂದಿನ ಮಾಲೀಕರ ವಿವರ ಮತ್ತು ರಸೀದಿಯನ್ನು ಕೇಳಿ ಪಡೆಯಿರಿ. ಗ್ರಂಥಾಲಯದ ಮುದ್ರೆ ಇದ್ದರೆ, ಅಥವಾ ಅದನ್ನು ಕೆರೆದು ತೆಗೆದ ಗುರುತು ಕಂಡರೆ, ಅಲ್ಲಿಗೇ ವ್ಯವಹಾರ ನಿಲ್ಲಿಸಿ.