ಸರಪಳಿಯಿಂದ ಕ್ಯಾಡ್‌ವರೆಗೆ: ಹೊಲದ ಅಳತೆಯ ಕಥೆ

ನಿಮ್ಮ ಮನೆಯಲ್ಲಿ ಹೊಲದ ಪಹಣಿ ಇದೆಯೇ? ಇದ್ದರೆ ಒಮ್ಮೆ ತೆಗೆದು ನೋಡಿ. ವಿಸ್ತೀರ್ಣ 2.20 ಎಂದಿದ್ದರೆ ಅದು ಎಷ್ಟು ಎಕರೆ? ಎರಡೂವರೆ! ಇಲ್ಲಿರುವ ಚುಕ್ಕೆ ದಶಮಾಂಶ ಬಿಂದುವಲ್ಲ. ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗುರುತು. 40 ಗುಂಟೆಗೆ ಒಂದು ಎಕರೆ. ಇದು ರೈತನಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅದು 2.2 ಎಂದು ಓದಿಕೊಂಡರೆ 12 ಗುಂಟೆ ಮಾಯ!

ಈ ಲೆಕ್ಕ ಎಲ್ಲಿಂದ ಬಂತು? 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಭೂಮಾಪನವನ್ನು ಆರಂಭಿಸಿದರು. ಈ ಮುಂಬಯಿ ಪದ್ಧತಿ ಮುಂದೆ ಪ್ರಾಂತದ ಕನ್ನಡ ಜಿಲ್ಲೆಗಳಿಗೂ ಬಂದಿತು. ಚಿಕ್ಕೋಡಿ, ಅಥಣಿ ಆಗ ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. 1956ರಲ್ಲಿ ಈ ಭಾಗವೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. ನಿಪ್ಪಾಣಿ, ಕಾಗವಾಡ ಪ್ರತ್ಯೇಕ ತಾಲೂಕುಗಳಾದದ್ದು ತೀರ ಈಚೆಗೆ.

ಮುಂಬಯಿ ಪದ್ಧತಿಯ ಸರಪಳಿಯ ಉದ್ದ 33 ಅಡಿ. ಏಕೆ 33? 33 ಅಡಿ ಚೌಕದ ವಿಸ್ತೀರ್ಣ 1,089 ಚದರ ಅಡಿ, ಅಂದರೆ ಸರಿಯಾಗಿ ಒಂದು ಗುಂಟೆ. ಅಂಥ 40 ಚೌಕ ಸೇರಿದರೆ 43,560 ಚದರ ಅಡಿಯ ಒಂದು ಎಕರೆ. ಸರಪಳಿಯಲ್ಲಿ 16 ಭಾಗ. ಒಂದೊಂದೂ ಒಂದು ಆಣೆ. ಹೊಲದ ಮಧ್ಯೆ ಆಧಾರ ರೇಖೆ ಹಾಯಿಸಿ, ಕ್ರಾಸ್-ಸ್ಟಾಫ್‌ನಿಂದ ಮೂಲೆಗಳಿಗೆ ಲಂಬಗಳನ್ನು ಅಳೆದು, ತ್ರಿಕೋನ ಮತ್ತು ತ್ರಾಪಿಜ್ಯಗಳ ವಿಸ್ತೀರ್ಣಗಳನ್ನು ಕೂಡುತ್ತಿದ್ದರು. ಆ ನಕ್ಷೆಯೇ ಟಿಪ್ಪಣಿ.

ಇತ್ತ 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲೆಂಡ್, ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ರೇಖೆ ಎಳೆಯುವ 'ಸ್ಕೆಚ್‌ಪ್ಯಾಡ್' ರಚಿಸಿದರು. 1982ರಲ್ಲಿ ಬಂದ ಆಟೋಕ್ಯಾಡ್ ಈ ಕೌಶಲವನ್ನು ಮೇಜಿನ ಮೇಲಿನ ಕಂಪ್ಯೂಟರಿಗೆ ತಂದಿತು. ಮೂಲೆಗಳ ನಿರ್ದೇಶಾಂಕ ಕೊಟ್ಟರೆ ಸಾಕು, ವಿಸ್ತೀರ್ಣ ಕ್ಷಣದಲ್ಲಿ ಸಿದ್ಧ.

ಹಾಗಾದರೆ ಯಾವ ತಂತ್ರಾಂಶ ಆರಿಸಬೇಕು? ಮೂರು ಪರೀಕ್ಷೆ ಮಾಡಿ.

ಮೊದಲನೆಯದು ಏಕಮಾನ. ಟಿಪ್ಪಣಿಯಲ್ಲಿ 3 ಸರಪಳಿ 12 ಆಣೆ ಇದ್ದರೆ ಅದು 3.75 ಸರಪಳಿ, ಅಂದರೆ 37.72 ಮೀಟರ್. 3.12 ಎಂದು ತುಂಬಿದರೆ 31.38 ಮೀಟರ್ ಆಗಿ, ಬದು ಆರು ಮೀಟರಿಗಿಂತ ಹೆಚ್ಚು ಸರಿಯುತ್ತದೆ! ಇಬ್ಬರು ಅಣ್ಣತಮ್ಮಂದಿರನ್ನು ಕೋರ್ಟಿಗೆ ಹತ್ತಿಸಲು ಇಷ್ಟು ಸಾಕು.

ಎರಡನೆಯದು ಭೂಮಿಯ ಆಕಾರ. ಜಿ.ಪಿ.ಎಸ್. ಅಳತೆಯನ್ನು ಸಾಮಾನ್ಯವಾಗಿ ಯು.ಟಿ.ಎಂ. ಜಾಲಕ್ಕೆ ಇಳಿಸುತ್ತಾರೆ. ನಮ್ಮ 43ನೆಯ ವಲಯದ ಮಧ್ಯರೇಖೆ 75 ಡಿಗ್ರಿ ಪೂರ್ವ ರೇಖಾಂಶ. ಅದು ಅಥಣಿಯ ಹತ್ತಿರವೇ ಹಾದುಹೋಗುತ್ತದೆ. ಅಲ್ಲಿ ಮಾನಾನುಪಾತ 0.9996. ಸಾವಿರ ಮೀಟರ್ ರೇಖೆ 999.6 ಮೀಟರ್ ಆಗುತ್ತದೆ. ಎಕರೆಗೆ ಸುಮಾರು 3.2 ಚದರ ಮೀಟರ್ ಕಡಿಮೆ ಬರುತ್ತದೆ. ಸಾಮಾನ್ಯ ಕ್ಯಾಡ್ ಸಮತಲದ ವಿಸ್ತೀರ್ಣವನ್ನಷ್ಟೇ ಹೇಳುತ್ತದೆ. 2002ರಲ್ಲಿ ಆರಂಭವಾದ ಉಚಿತ ತಂತ್ರಾಂಶ ಕ್ಯೂಜಿಐಎಸ್ ಭೂಮಿಯ ವಕ್ರತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲದು.

ಮೂರನೆಯದು ವಿನಿಮಯ. ಡಿ.ಎಕ್ಸ್.ಎಫ್. ಕಡತವನ್ನು ಓದಿ ಬರೆಯುವ ತಂತ್ರಾಂಶವಾದರೆ ನಿಮ್ಮ ನಕ್ಷೆ ಒಂದೇ ಕಂಪನಿಗೆ ಕಟ್ಟುಬೀಳುವುದಿಲ್ಲ.

ಒಂದು ಎಚ್ಚರಿಕೆ. ಪರದೆ ಮಿಲಿಮೀಟರ್‌ವರೆಗೆ ಅಂಕಿ ತೋರಿಸುತ್ತದೆ. ಆದರೆ ಮೂಲ ಅಳತೆ ಆಣೆಯವರೆಗೆ ಮಾತ್ರ ಇದ್ದರೆ, ಒಂದು ಆಣೆ ಎಂದರೆ ಸುಮಾರು 63 ಸೆಂಟಿಮೀಟರ್! ಅಂಕಿಗಳು ಹೆಚ್ಚಿದ ಮಾತ್ರಕ್ಕೆ ನಿಖರತೆ ಹೆಚ್ಚದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಂತೆ ಮತ್ತೆ ಉಕ್ಕಿ ಬದು ಅಳಿಸಿದರೆ, ಗಡಿಯನ್ನು ಮರಳಿ ಹುಡುಕಲು ಬೇಕಾಗುವುದು ಹಳೆಯ ಟಿಪ್ಪಣಿ ಮತ್ತು ಉಳಿದಿರುವ ಗಡಿಕಲ್ಲು. ಕ್ಯಾಡ್ ಅವುಗಳ ಸಹಾಯಕ, ಸಾಕ್ಷಿಯಲ್ಲ.

ಶಿಕ್ಷಕರೇ, 33 ಅಡಿಯ ಹಗ್ಗಕ್ಕೆ 16 ಗುರುತು ಹಾಕಿ, ಮಕ್ಕಳೊಂದಿಗೆ ಶಾಲೆಯ ಮೈದಾನವನ್ನು ಅಳೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಬಿಡಿಸಿ. ಎರಡು ಉತ್ತರಗಳಿಗೆ ವ್ಯತ್ಯಾಸ ಬಂದರೆ ಅಳಿಸಬೇಡಿ. ಪಾಠ ಅಲ್ಲಿಂದಲೇ ಶುರು.