ಅಂಜುವವರು, ಅಂಜದವರು

ಮುಂದೆ ಕುಡಿತಕ್ಕೆ ಬೀಳುವ ಹುಡುಗನನ್ನು ಸ್ವಭಾವದಿಂದಲೇ ಗುರುತಿಸಬಲ್ಲೆವೆಂದು ನಮ್ಮ ಶಿಕ್ಷಕರ ಕೊಠಡಿಯಲ್ಲಿ ಎಲ್ಲರೂ ನಂಬಿದ್ದೆವು. ಮಾತಾಡದವನು, ಅಳುಬುರುಕ, ತಾಯಿಯ ಸೆರಗು ಬಿಡದವನು: ಇಂಥವರ ಮೇಲೆಯೇ ನಮ್ಮ ಕಣ್ಣು. ಕಬಡ್ಡಿ ತಂಡದ ನಾಯಕನ ಬಗ್ಗೆ ಯಾರೂ ಚಿಂತಿಸಲಿಲ್ಲ. ಅವನಾರೆಂದು ನಿಮ್ಮಲ್ಲಿ ಕೆಲವರಿಗೆ ಹೊಳೆದೀತು, ಹೆಸರು ಬೇಡ. ನಲವತ್ತು ತುಂಬುವ ಮೊದಲೇ ಕುಡಿತ ಅವನನ್ನು ಕೊಂಡೊಯ್ದಿತು.

ಅವನ ನೆನಪಿನಲ್ಲಿಯೇ ಈ ವಿಷಯದ ಇತಿಹಾಸವನ್ನು ಓದತೊಡಗಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಅಕ್ಕಪಕ್ಕದ ಊರುಗಳು. ಬಾಲಾಪರಾಧವನ್ನು ತಡೆಯಲೆಂದು ಹಾರ್ವರ್ಡಿನ ವೈದ್ಯ ರಿಚರ್ಡ್ ಕ್ಯಾಬಟ್ ರೂಪಿಸಿದ ಯೋಜನೆ 1939ರಲ್ಲಿ ಅಲ್ಲಿ ಆರಂಭವಾಯಿತು. ಸಮಾನ ಹಿನ್ನೆಲೆಯ ಹುಡುಗರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಒಬ್ಬನಿಗೆ ಸಲಹೆಗಾರನನ್ನು ಗೊತ್ತುಮಾಡಿದರು. ಇನ್ನೊಬ್ಬನನ್ನು ಅವನ ಪಾಡಿಗೆ ಬಿಟ್ಟರು. ಸಲಹೆಗಾರರು ಮನೆಗಳಿಗೆ ಹೋದರು, ಪಾಠ ಹೇಳಿಸಿದರು, ಬೇಸಿಗೆ ಶಿಬಿರಗಳಿಗೆ ಕಳುಹಿಸಿದರು, ಕಂಡದ್ದನ್ನು ಬರೆದಿಟ್ಟರು. 1945ರಲ್ಲಿ ಯೋಜನೆ ನಿಂತಿತು.

ಆ ಕಡತಗಳನ್ನು ವಿಲಿಯಂ ಮತ್ತು ಜೋನ್ ಮೆಕಾರ್ಡ್ ಮತ್ತೆ ತೆರೆದರು. ಹುಡುಗರಲ್ಲಿ ಮುಂದೆ ಮದ್ಯವ್ಯಸನಿಗಳಾದವರು ಬಾಲ್ಯದಲ್ಲಿ ಹೇಗಿದ್ದರು? ಕುಡುಕನಾದ ಮೇಲೆ ಹೇಳುವ ನೆನಪನ್ನು ನಂಬುವುದು ಕಷ್ಟ. ಇವು ಕುಡಿಯುವ ಮೊದಲೇ ಬರೆದ ಟಿಪ್ಪಣಿಗಳು. ಅವುಗಳ ಬೆಲೆ ಅಲ್ಲಿದೆ. ಪರಾವಲಂಬಿಯಾದ ಅಂಜುಬುರುಕನನ್ನು ಅಂದಿನ ಮನೋವಿಜ್ಞಾನ ನಿರೀಕ್ಷಿಸಿತ್ತು. 1960ರ ಅವರ ಗ್ರಂಥದಲ್ಲಿ ಕಾಣುವವನು ಬೇರೆ: ಹೊರನೋಟಕ್ಕೆ ಆತ್ಮವಿಶ್ವಾಸಿ, ಅಸಹಜ ಭಯಗಳಿಲ್ಲದವನು, ಒಂದೆಡೆ ಕೂರಲಾರದ ಜಗಳಗಂಟ, ಒಡಹುಟ್ಟಿದವರ ಬಗ್ಗೆ ಉದಾಸೀನ. ನಮ್ಮ ನಾಯಕನೇ! ಕ್ಯಾಲಿಫೋರ್ನಿಯದ ಓಕ್‌ಲ್ಯಾಂಡಿನ ಹುಡುಗರ ಬಗ್ಗೆ ಮೇರಿ ಕವರ್ ಜೋನ್ಸ್ 1968ರಲ್ಲಿ ಬರೆದದ್ದೂ ಇದೇ ಬಗೆಯದು. ಕುಡಿತದಿಂದ ತೊಂದರೆಗೀಡಾದವರು ಶಾಲೆಯಲ್ಲಿದ್ದಾಗಲೇ ದುಡುಕಿನವರು, ಹಿಡಿತಕ್ಕೆ ಸಿಗದವರು. ದೊಡ್ಡ ಕುಡುಕರಲ್ಲಿ ಕಾಣುವ ಪರಾವಲಂಬನೆ ಹೆಚ್ಚಾಗಿ ಕುಡಿತದ ಫಲ, ಅದರ ಬೀಜವಲ್ಲ ಎಂದು ಜಾರ್ಜ್ ವೇಲಂಟ್ 1983ರಲ್ಲಿ ವಾದಿಸಿದರು.

ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. 1978ರಲ್ಲಿ ಜೋನ್ ಮೆಕಾರ್ಡ್ ಮೂವತ್ತು ವರ್ಷಗಳ ಅನಂತರದ ಲೆಕ್ಕವನ್ನು ಪ್ರಕಟಿಸಿದರು. ಸಲಹೆಗಾರರ ನೆರವು ಪಡೆದವರಲ್ಲಿಯೇ ಮದ್ಯವ್ಯಸನದ ಲಕ್ಷಣಗಳು ಹೆಚ್ಚು ಕಂಡವು! ನೆರವು ಪಡೆದವರನ್ನು ಕೇಳಿದರೆ, ಮೂವರಲ್ಲಿ ಇಬ್ಬರು ಅದರಿಂದ ಉಪಕಾರವಾಯಿತೆಂದೇ ಹೇಳಿದರು. ಕೃತಜ್ಞತೆಯ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡ ನನ್ನಂಥ ಮೇಷ್ಟರಿಗೆ ಇದು ಸುಲಭವಾಗಿ ಜೀರ್ಣವಾಗುವ ಮಾತಲ್ಲ.

ಹಾಗೆಂದು ಅಂಜುವ ಮಕ್ಕಳು ಸುರಕ್ಷಿತರೆಂದು ತಿಳಿಯಬಾರದು. ಪೆಟ್ರೀಷಿಯಾ ಕಾನ್ರಾಡ್ ಅವರ ಪದ್ಧತಿಯಲ್ಲಿ ದುಡುಕು ಮತ್ತು ರೋಮಾಂಚನದ ಹಂಬಲದ ಜೊತೆಗೆ ನಿರಾಶೆ ಮತ್ತು ಆತಂಕಗಳೂ ಅಪಾಯದ ಗುಣಗಳೇ. ಒಂದೊಂದಕ್ಕೂ ಬೇರೆ ಮಾತು, ಬೇರೆ ಅಭ್ಯಾಸ. 2013ರಲ್ಲಿ ವರದಿಯಾದ ಲಂಡನ್ನಿನ ಪ್ರಯೋಗದಲ್ಲಿ ಶಾಲೆಯ ಸಿಬ್ಬಂದಿಯೇ ತರಬೇತಿ ಪಡೆದು ಇದನ್ನು ನಡೆಸಿದಾಗ ಅಪಾಯದಲ್ಲಿದ್ದ ಮಕ್ಕಳ ಕುಡಿತ ತಗ್ಗಿತು. ನಮಗೆ ಅಂಥ ತರಬೇತಿ ಇರಲಿಲ್ಲ. ನಾಯಕನ ವರ್ಗಾವಣೆ ಪತ್ರದಲ್ಲಿ ನಡತೆಯ ಮುಂದೆ ನಾನು ‘ಉತ್ತಮ’ ಎಂದು ಬರೆದಿದ್ದೆ.