ಆಡೂರಿನ ಶಾಸನವೂ ಕನ್ನಡದ ಸಂಕಲ್ಪಾರ್ಥಕ ಕ್ರಿಯಾಪದಗಳೂ

ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿಗೆ ಸೇರಿದ ಆಡೂರು, ಬಾದಾಮಿ ಚಾಲುಕ್ಯರ ಕಾಲದ ಶಾಸನದಿಂದ ವಿದ್ವಾಂಸರಿಗೆ ಪರಿಚಿತವಾದ ಗ್ರಾಮ. ಎಂಟನೆಯ ಶತಮಾನದ ಇಮ್ಮಡಿ ಕೀರ್ತಿವರ್ಮನ ಕಾಲದ ಈ ಶಾಸನವನ್ನು ಜೆ. ಎಫ್. ಫ್ಲೀಟರು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಮಾಧವತ್ತಿಯರಸನ ಅನುಮತಿಯನ್ನು ಪಡೆದು ದೋಣಗಾಮುಂಡ, ಎಳಗಾಮುಂಡ ಮೊದಲಾದವರು ಜಿನಾಲಯಕ್ಕೆ ಭೂಮಿಯನ್ನು ಬಿಟ್ಟರೆಂಬುದು ಅದರ ಕನ್ನಡ ಭಾಗದ ತಾತ್ಪರ್ಯ.

ಇಂತಹ ದಾನಶಾಸನಗಳು ಇತಿಹಾಸಕಾರನಿಗೆ ಎಷ್ಟು ಬೇಕೋ ವೈಯಾಕರಣನಿಗೂ ಅಷ್ಟೇ ಬೇಕು. ದಾನವೆಂಬುದು ಮುಂಬರುವ ಕಾಲವನ್ನು ಕುರಿತ ಸಂಕಲ್ಪ. ಭೂಮಿಯ ಫಲವು ಇನ್ನು ಮುಂದೆ ದೇವಾಲಯಕ್ಕೆ ಸಲ್ಲತಕ್ಕದ್ದು. ಆದರೂ ದಾನಿಯು ‘ಕುಡುವೆಂ’ ಎಂದು ನುಡಿದಂತೆ ಶಾಸನಕಾರರು ಸಾಮಾನ್ಯವಾಗಿ ಬರೆಯುವುದಿಲ್ಲ. ‘ಕೊಟ್ಟಂ’, ‘ಬಿಟ್ಟಂ’ ಎಂಬ ಭೂತಕಾಲದ ರೂಪಗಳೇ ಅಲ್ಲಿ ರೂಢವಾಗಿವೆ. ಭವಿಷ್ಯದರ್ಥವು ತಲೆದೋರುವುದು ದಾನರಕ್ಷಣೆಯ ಭಾಗದಲ್ಲಿ: ಧರ್ಮವನ್ನು ಅಳಿದವನು ಪಾತಕನು ‘ಅಕ್ಕುಂ’ ಎಂಬಲ್ಲಿ. ಸಂಕಲ್ಪವು ಆಗಿಹೋದ ಕಾರ್ಯ, ಅದರ ಫಲವು ಆಗತಕ್ಕದ್ದು ಎಂಬುದು ಈ ವಿಭಾಗದ ಇಂಗಿತ.

ಶ್ರವಣಬೆಳಗೊಳದ ಏಳನೆಯ ಶತಮಾನದ ನಿಸಿದಿ ಶಾಸನಗಳಲ್ಲಿಯೂ ಇದೇ ಕ್ರಮವುಂಟು. ವ್ರತವನ್ನು ಕೈಕೊಳ್ಳುವುದೆಂಬ ಅರ್ಥದ ‘ನೋನ್’ ಧಾತು ಅಲ್ಲಿ ‘ನೋಂತು’ ಎಂದು ನಿಂತು, ಮುಡಿಪಿದುದನ್ನು ಹೇಳುವ ಕ್ರಿಯೆಯನ್ನು ಮುಂದಿಟ್ಟುಕೊಳ್ಳುತ್ತದೆ. ಕಾವ್ಯಗಳಲ್ಲಿ ವೀರರು ಮಾಡುವ ಪ್ರತಿಜ್ಞೆಯ ಮಾತು ಬೇರೆ. ಅದು ಇನ್ನೂ ನೆರವೇರದ ಮಾತಾದುದರಿಂದ ಉತ್ತಮಪುರುಷದ ಭವಿಷ್ಯದ್ರೂಪವು ಅಲ್ಲಿ ಸಹಜ.

ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ‘ದ’, ‘ದಪ’, ‘ವ’ ಪ್ರತ್ಯಯಗಳಿಂದ ಮೂರು ಕಾಲಗಳನ್ನು ನಿರ್ಣಯಿಸಿದನು. ಆದರೆ ಕಾಲವೊಂದು, ವಕ್ತೃವಿನ ಅಭಿಪ್ರಾಯವೊಂದು. ‘ಮಾಡುವೆನು’ ಎಂಬುದು ಸಂಕಲ್ಪವೂ ಆಗಬಹುದು, ಬರಿಯ ಭವಿಷ್ಯತ್ತೂ ಆಗಬಹುದು. ‘ಮಾಡಿಯೇನು’ ಎಂಬುದರಲ್ಲಿ ಸಂಭಾವನೆ ಮಾತ್ರವಿದೆ. ‘ಮಾಡಬೇಕೆಂದಿದ್ದೇನೆ’ ಎಂದಾಗ ಉದ್ದೇಶವು ನಿಶ್ಚಿತವಾಗುತ್ತದೆ. ಇಲ್ಲಿ ‘ಬೇಕು’ ಇಚ್ಛೆಯನ್ನೂ, ‘ಎಂದು’ ಮನಸ್ಸಿನ ಮಾತನ್ನೂ, ‘ಇದ್ದೇನೆ’ ನೆಲೆಗೊಂಡ ಸ್ಥಿತಿಯನ್ನೂ ಸೂಚಿಸುತ್ತವೆ.

ಧಾರವಾಡ, ಹಾವೇರಿ ಸೀಮೆಯ ಆಡುನುಡಿ ಇನ್ನೂ ಒಂದು ಹೆಜ್ಜೆ ಮುಂದಿದೆ. ‘ಹೋಗಬೇಕಂತ ಮಾಡೇನಿ’ ಎಂದರೆ ಹೋಗಲು ನಿಶ್ಚಯಿಸಿದ್ದೇನೆ ಎಂದರ್ಥ. ಪಯಣವಿನ್ನೂ ಆಗಿಲ್ಲ, ನಿಶ್ಚಯವು ಆಗಿದೆ, ಆದುದರಿಂದ ‘ಮಾಡು’ ಧಾತುವು ಮುಗಿದ ಕ್ರಿಯೆಯ ರೂಪವನ್ನು ತಾಳಿದೆ.

ದೂರದ ಡಚ್ ಭಾಷೆಯಲ್ಲಿಯೂ ಇದಕ್ಕೆ ಸಾದೃಶ್ಯವಿದೆ. ಅಲ್ಲಿ ‘ಜುಲ್ಲೆನ್’ ಎಂಬ ಸಹಾಯಕ ಕ್ರಿಯಾಪದವು ಭವಿಷ್ಯವನ್ನೂ ವಾಗ್ದಾನವನ್ನೂ ಹೇಳುತ್ತದೆ. ದೃಢಸಂಕಲ್ಪವನ್ನು ಹೇಳಬೇಕಾದಾಗ ‘ಇಕ್ ಹೆಪ್ ಮೆ ವೋರ್‌ಖೆನೋಮೆನ್’ ಎನ್ನುವರು. ಇದು ‘ನಿಶ್ಚಯಿಸಿಕೊಂಡಿದ್ದೇನೆ’ ಎಂಬ ಪೂರ್ಣಕ್ರಿಯಾರೂಪವೇ. ಎರಡು ಭಾಷೆಗಳಿಗೂ ಕುಲಸಂಬಂಧವಿಲ್ಲ. ಸಾಮ್ಯವು ಮನೋವ್ಯಾಪಾರದಿಂದ ಬಂದುದು.

ಆದುದರಿಂದ ಸಂಕಲ್ಪವನ್ನು ಭವಿಷ್ಯತ್ಕಾಲದ ಪ್ರಕರಣದಲ್ಲಿ ಮಾತ್ರ ಹುಡುಕುವುದು ಯುಕ್ತವಲ್ಲ. ‘ಮಾಡೇನಿ’ ಎಂದ ವಿದ್ಯಾರ್ಥಿಯನ್ನು ಅಶುದ್ಧವೆಂದು ತಿದ್ದುವ ಮೊದಲು ಅಧ್ಯಾಪಕರು ಆ ಸೀಮೆಯ ಕಲ್ಲುಗಳನ್ನೊಮ್ಮೆ ಓದುವುದು ಒಳಿತು. ನಿಶ್ಚಯಿಸಿದುದನ್ನು ನಡೆದುದಾಗಿಯೇ ನುಡಿಯುವ ವಾಡಿಕೆಯು ಕನ್ನಡದಲ್ಲಿ ಬಹು ಪ್ರಾಚೀನವಾದುದು.